ಯಂತ್ರದ ಬಾಯಿ: ಸಾದಲಿಯಿಂದ ಕಂಡ ಒಂದು ಚರಿತ್ರೆ

ಚಿಕ್ಕ ಮಿಲ್ಲಿಂಗ್ ಯಂತ್ರ ಕೊಳ್ಳಲು ಹೊರಟವರು ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಮೋಟಾರು ಎಷ್ಟು ಎಚ್‌ಪಿ ಎಂದು ಕೇಳುತ್ತಾರೆ. ಸ್ಪಿಂಡಲ್ಲಿನ ಬಾಯಿ ಯಾವುದು ಎಂದು ಕೇಳುವವರು ಕಡಿಮೆ. ಆದರೆ ಯಂತ್ರ ಶೆಡ್ಡಿಗೆ ಬಂದ ಮೇಲೆ ಮುಂದಿನ ಇಪ್ಪತ್ತು ವರ್ಷ ಯಾವ ಅಂಗಡಿಯ ಸಾಮಾನು ನಮಗೆ ಆಗುತ್ತದೆ, ಯಾರ ಹತ್ತಿರ ಒಂದು ದಿನದ ಮಟ್ಟಿಗೆ ಕೇಳಿ ತರಬಹುದು, ಯಾವುದು ಮುರಿದರೆ ಬೆಂಗಳೂರಿಗೆ ಬಸ್ಸು ಹತ್ತಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಆ ಬಾಯಿಯೇ.

ಈ ವಿಷಯದ ಕಡೆಗೆ ನನ್ನನ್ನು ಎಳೆದವನು ಸಾದಲಿಯಲ್ಲಿರುವ ನನ್ನ ಅಕ್ಕನ ಮಗ. ಐಟಿಐ ಓದಿ, ಪೀಣ್ಯದಲ್ಲಿ ಕೆಲವು ವರ್ಷ ದುಡಿದು, ಈಗ ಊರಿಗೆ ಮರಳಿದ್ದಾನೆ. ಶಿಡ್ಲಘಟ್ಟದ ಸುತ್ತ ನೂಲು ಬಿಚ್ಚಾಣಿಕೆ ಮಾಡುವವರಿಗೆ ಯಂತ್ರದ ಬಿಡಿಭಾಗ ಮಾಡಿಕೊಡುವ ಶೆಡ್ಡು ಹಾಕಬೇಕೆಂಬುದು ಅವನ ಆಸೆ. ಅವನ ಮುಂದೆ ಮೂರು ಯಂತ್ರಗಳಿದ್ದವು: ಒಂದರ ಬಾಯಿ ಮೋರ್ಸ್ ಟೇಪರ್ 3, ಇನ್ನೊಂದರದು ಆರ್8, ಮತ್ತೊಂದರದು ಐಎಸ್‌ಒ 30. "ಮಾಮ, ನೀವು ಹಳೇದೆಲ್ಲ ಓದ್ತೀರಲ್ಲ, ನೀವೇ ಹೇಳಿ. ಮೂರು ಥರ ಯಾಕೆ ಮಾಡವ್ರೆ? ಎಲ್ಲರೂ ಕೂತ್ಕೊಂಡು ಒಂದೇ ಮಾಡಿದ್ರೆ ಆಗ್ತಿರ್ಲಿಲ್ವಾ?" ಎಂದ. ಇದು ಇತಿಹಾಸದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ.

ಓದುಗರಲ್ಲಿ ಯಂತ್ರದ ಹತ್ತಿರ ಹೋಗದವರಿಗಾಗಿ ಎರಡು ಮಾತು. ಲೇತಿನಲ್ಲಿ ಕೆಲಸದ ತುಂಡು ತಿರುಗುತ್ತದೆ, ಕತ್ತರಿಸುವ ಉಳಿ ನಿಂತಿರುತ್ತದೆ. ಮಿಲ್ಲಿಂಗ್ ಯಂತ್ರದಲ್ಲಿ ಇದು ತಿರುಗುಮುರುಗು: ಕಟರ್ ತಿರುಗುತ್ತದೆ, ತುಂಡು ಮೇಜಿನ ಮೇಲೆ ಬಿಗಿಯಾಗಿ ಕೂತು ಅದರ ಕೆಳಗೆ ಸರಿಯುತ್ತದೆ. ಶಾಫ್ಟಿನಲ್ಲಿ ಕೀ ಕೂರುವ ಗಾಡಿ ತೆಗೆಯುವುದು, ಗೇರಿನ ಹಲ್ಲು ಕಡೆಯುವುದು ಇದರಲ್ಲೇ. ತಿರುಗುವ ಕಟರನ್ನು ಅಲುಗದಂತೆ ಹಿಡಿಯಲು ಸ್ಪಿಂಡಲ್ಲಿನ ತುದಿಯಲ್ಲಿ ಒಳಗೆ ಹೋಗುತ್ತಾ ಕಿರಿದಾಗುವ ರಂಧ್ರವಿರುತ್ತದೆ. ಅದೇ ಟೇಪರ್. ಅದರೊಳಗೆ ಕೂರುವುದು ಹೋಲ್ಡರ್. ಕಟರಿನ ಕಾಲನ್ನು ಸುತ್ತಲಿಂದ ಅಮುಕಿ ಹಿಡಿಯುವ, ಮೊಗ್ಗಿನಂತೆ ಸೀಳಿರುವ ಉಕ್ಕಿನ ಕೊಳವೆಯೇ ಕಾಲೆಟ್.

ಚರಿತ್ರೆ ಬಂದೂಕಿನಿಂದ ಶುರುವಾಗುತ್ತದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿತು. ಪ್ರಾವಿಡೆನ್ಸ್ ಊರಿನ ಒಂದು ಕಾರ್ಖಾನೆಯಲ್ಲಿ ಕೋವಿಯ ಭಾಗಗಳಿಗೆ ತೂತು ಕೊರೆಯಲು ಸುರುಳಿ ಡ್ರಿಲ್ಲುಗಳು ಬೇಕಾಗಿದ್ದವು. ಆ ಸುರುಳಿಯನ್ನು ಕೆಲಸಗಾರರು ಅರದಿಂದ ಕೈಯಲ್ಲೇ ಉಜ್ಜಿ ಮಾಡುತ್ತಿದ್ದರು. ಈ ಕಷ್ಟ ಕಂಡ ಜೋಸೆಫ್ ಬ್ರೌನ್, 1862ರಲ್ಲಿ ಸುರುಳಿಯನ್ನು ತಾನೇ ಕಡೆಯುವ ಯೂನಿವರ್ಸಲ್ ಮಿಲ್ಲಿಂಗ್ ಯಂತ್ರವನ್ನು ಮಾಡಿಕೊಟ್ಟರು. ಸರಿಸುಮಾರು ಅದೇ ಹೊತ್ತಿಗೆ ಸ್ಟೀಫನ್ ಮೋರ್ಸ್ ಸುರುಳಿ ಡ್ರಿಲ್ಲಿಗೆ ಪೇಟೆಂಟ್ ಪಡೆದರು. ಡ್ರಿಲ್ಲಿನ ಕಾಲು ಕೂರುವ ಟೇಪರಿಗೂ ಅವರ ಹೆಸರೇ ನಿಂತಿತು. ಸಾದಲಿಯಿಂದ ದೂರವೇನಲ್ಲದ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರು ಹುಟ್ಟಿದ ಕಾಲವೂ ಇದೇ.

ಮೋರ್ಸ್ ಟೇಪರಿನ ಇಳಿಜಾರು ಬಹಳ ಮೆಲ್ಲಗಿನದು: ಇಪ್ಪತ್ತು ಪಾಲು ಉದ್ದಕ್ಕೆ ಸುಮಾರು ಒಂದು ಪಾಲು ವ್ಯಾಸ. ಆದ್ದರಿಂದ ಒಮ್ಮೆ ತಟ್ಟಿ ಕೂರಿಸಿದರೆ ಉಜ್ಜಾಟದ ಬಲದಿಂದಲೇ ಕಚ್ಚಿಕೊಳ್ಳುತ್ತದೆ. ಡ್ರಿಲ್ಲಿಗೆ ಇದು ಹೇಳಿ ಮಾಡಿಸಿದ ಏರ್ಪಾಡು, ಏಕೆಂದರೆ ಡ್ರಿಲ್ ಒತ್ತುವುದು ನೇರ ಮೇಲಕ್ಕೆ. ಒತ್ತಿದಷ್ಟೂ ಹಿಡಿತ ಬಿಗಿ. ಮಿಲ್ಲಿಂಗ್ ಕಟರಿಗೆ ಪೆಟ್ಟು ಬೀಳುವುದು ಪಕ್ಕದಿಂದ. ಹಲ್ಲುಹಲ್ಲಿಗೂ ಅದುರುತ್ತದೆ. ಹಿಂದಿನಿಂದ ಡ್ರಾಬಾರ್ ಎಂಬ ಉದ್ದನೆಯ ಬೋಲ್ಟಿನಲ್ಲಿ ಎಳೆದು ಕಟ್ಟದಿದ್ದರೆ ಸಡಿಲವಾಗಿ ಉದುರೀತು. ಎಳೆದು ಕಟ್ಟಿದರೆ ಬಿಡಿಸುವಾಗ ಸುತ್ತಿಗೆಯಲ್ಲಿ ಹೊಡೆಯಬೇಕು, ಪ್ರತಿ ಏಟೂ ಸ್ಪಿಂಡಲ್ಲಿನ ಬೇರಿಂಗಿಗೆ ತಗಲುತ್ತದೆ. ಹಳೆಯ ವರ್ಕ್‌ಶಾಪುಗಳಲ್ಲಿ ಇದು ದಿನನಿತ್ಯದ ಗೋಳು. ಅದರ ಮೇಲೆ ಬ್ರೌನ್ ಅವರ ಕಂಪನಿಗೆ ಅದರದೇ ಟೇಪರ್, ಬೇರೆಯವರಿಗೆ ಬೇರೆ. ಒಂದು ಕಾರ್ಖಾನೆಯ ಆರ್ಬರ್ ಇನ್ನೊಂದರ ಯಂತ್ರಕ್ಕೆ ಕೂರುತ್ತಿರಲಿಲ್ಲ.

ಇದಕ್ಕೆ ಉತ್ತರ ಬಂದದ್ದು 1920ರ ದಶಕದ ಕೊನೆಯಲ್ಲಿ, ಅಮೆರಿಕದ ಯಂತ್ರ ತಯಾರಕರ ಸಂಘದಿಂದ. ಅವರು ಒಪ್ಪಿಕೊಂಡ ಹೊಸ ಟೇಪರ್ ಕಡಿದಾದದ್ದು: 24 ಪಾಲು ಉದ್ದಕ್ಕೆ 7 ಪಾಲು ವ್ಯಾಸ. ಇಷ್ಟು ಕಡಿದಾದರೆ ಅದು ತಾನಾಗಿ ಕಚ್ಚುವುದಿಲ್ಲ. ಡ್ರಾಬಾರ್ ಸಡಿಲಿಸಿದ ಕೂಡಲೇ ಕೈಗೆ ಬರುತ್ತದೆ. ಹಿಡಿಯುವ ಕೆಲಸ ಡ್ರಾಬಾರಿನದು, ತಿರುಗಿಸುವ ಕೆಲಸ ಸ್ಪಿಂಡಲ್ ಮೂತಿಯ ಎರಡು ಗಟ್ಟಿ ಕೀಗಳದು, ನಡುವೆ ಕೂರಿಸುವ ಕೆಲಸ ಟೇಪರಿನದು. ಒಂದೇ ಭಾಗದ ಮೇಲೆ ಹೇರಿದ್ದ ಮೂರು ಹೊರೆಗಳನ್ನು ಮೂವರಿಗೆ ಹಂಚಿದಂತಾಯಿತು. ಇಂದು ನಾವು ಐಎಸ್‌ಒ 30, 40, 50 ಎನ್ನುವುದು ಈ ಒಪ್ಪಂದದ ಸಂತಾನವನ್ನೇ. 30ರ ಬಾಯಿ 31.75 ಮಿಲಿಮೀಟರ್, 40ರದು 44.45.

ಹಾಗಿದ್ದರೆ ಆರ್8 ಎಲ್ಲಿಂದ ಬಂತು? 1938ರಲ್ಲಿ ರುಡಾಲ್ಫ್ ಬ್ಯಾನೋ ಮತ್ತು ಅವರ ಜೊತೆಗಾರ ಬ್ರಿಡ್ಜ್‌ಪೋರ್ಟ್ ಊರಿನಲ್ಲಿ, ಅದೇ ಹೆಸರಿನ ಹಗುರ ಲಂಬ ಮಿಲ್ಲಿಂಗ್ ಯಂತ್ರವನ್ನು ಮಾರುಕಟ್ಟೆಗೆ ತಂದರು. ಅದರೊಂದಿಗೆ ಹಬ್ಬಿದ್ದು ಆರ್8. ಇದರಲ್ಲಿ ಕಾಲೆಟ್ಟೇ ನೇರ ಸ್ಪಿಂಡಲ್ಲಿಗೆ ಹೋಗುತ್ತದೆ, ನಡುವೆ ಹೋಲ್ಡರ್ ಬೇಡ. ಆದ್ದರಿಂದ ಕಟರ್ ಹೆಚ್ಚು ಕೆಳಗೆ ತೂಗಾಡುವುದಿಲ್ಲ. ಮೇಜಿಗೂ ತಲೆಗೂ ನಡುವೆ ಜಾಗ ಕಡಿಮೆ ಇರುವ ಚಿಕ್ಕ ಯಂತ್ರಕ್ಕೆ ಇದು ದೊಡ್ಡ ಅನುಕೂಲ. ಯಾವ ಸಂಘವೂ ಕೂತು ತೀರ್ಮಾನಿಸದೆ, ಒಂದು ಯಂತ್ರ ಚೆನ್ನಾಗಿ ಮಾರಾಟವಾದದ್ದರಿಂದಲೇ ಹುಟ್ಟಿದ ಮಾನದಂಡ ಇದು.

ಆರ್8ರ ಡ್ರಾಬಾರಿನ ಮೂಲ ಮರೆ 7/16 ಇಂಚಿನದು. ಭಾರತವಾದರೋ 1956ರ ಕಾಯ್ದೆಯಿಂದ ಮೆಟ್ರಿಕ್ ಆಗಿದೆ. ಈಗ ಎಂ12 ಮರೆಯ ಆರ್8 ಕಾಲೆಟ್ಟುಗಳೂ ಸಿಗುತ್ತವೆ, ಕಣ್ಣಿಗೆ ಎರಡೂ ಒಂದೇ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ ಆಡಿ ಬೆಳೆದ ಸಾದಲಿ ಕಡೆಯವರಿಗೆ ಎರಡು ನುಡಿಯ ಬದುಕು ಕಷ್ಟವಲ್ಲ. ಆದರೆ ಬೋಲ್ಟಿಗೆ ಎರಡು ನುಡಿ ಬರುವುದಿಲ್ಲ. ಕೊಳ್ಳುವ ಮುನ್ನ ಮರೆ ಕೇಳಲೇಬೇಕು.

ಮೂರನೆಯ ಕವಲು ಸ್ವಿಟ್ಜರ್ಲೆಂಡಿನದು. 1970ರ ದಶಕದ ಆರಂಭದಲ್ಲಿ ರೆಗೋ-ಫಿಕ್ಸ್ ಕಂಪನಿ, ಅಲ್ಲಿ ಬಳಕೆಯಲ್ಲಿದ್ದ 'ಇ' ಕಾಲೆಟ್ಟನ್ನು ತಿದ್ದಿ, ತನ್ನ ಹೆಸರಿನ 'ಆರ್' ಸೇರಿಸಿ ಇಆರ್ ಕಾಲೆಟ್ ಮಾಡಿತು. ಮುಂದೆ ಅದು ಜರ್ಮನಿಯ ಡಿನ್ 6499 ಮಾನದಂಡವಾಗಿ ಲೋಕಕ್ಕೆಲ್ಲ ಹಬ್ಬಿತು. ಇದನ್ನು ಎರಡೂ ತುದಿಗಳಿಂದ ಸೀಳಿರುತ್ತಾರೆ, ಹಾಗಾಗಿ ಉದ್ದಕ್ಕೂ ಸಮವಾಗಿ ಅಮುಕುತ್ತದೆ. ಸಾಮಾನ್ಯ ಅಳತೆಗಳಲ್ಲಿ ಒಂದು ಕಾಲೆಟ್ ಒಂದು ಮಿಲಿಮೀಟರ್‌ನಷ್ಟು ಕುಗ್ಗಬಲ್ಲದು: 10ರ ಕಾಲೆಟ್ 9ರಿಂದ 10ರವರೆಗೆ ಹಿಡಿಯುತ್ತದೆ, ಹತ್ತೂವರೆಯನ್ನು ಹಿಡಿಯುವುದಿಲ್ಲ. ಇಆರ್ 25 ಆದರೆ 16 ಮಿಲಿಮೀಟರ್‌ವರೆಗೆ, ಇಆರ್ 32 ಆದರೆ 20ರವರೆಗೆ. ಸ್ಪಿಂಡಲ್ಲಿನ ಬಾಯಿ ಯಾವುದೇ ಇರಲಿ, ಅದಕ್ಕೆ ಹೊಂದುವ ಒಂದು ಇಆರ್ ಚಕ್ ಹಾಕಿದರೆ ಅದೇ ಕಾಲೆಟ್ ಪೆಟ್ಟಿಗೆ ನಡೆಯುತ್ತದೆ. ಜಗಳವಾಡುತ್ತಿದ್ದ ಮೂರು ಮನೆಗಳಿಗೆ ಒಂದೇ ಅಂಗಳ ಸಿಕ್ಕಂತೆ.

ಇದೆಲ್ಲ ನಮ್ಮ ನಾಡಿಗೆ ಬಂದ ದಾರಿಯೂ ಸ್ವಾರಸ್ಯದ್ದು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತುಗಳನ್ನು ಮಾಡಲು ಹೊರಟಿತು. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಿಂದ ಎಚ್‌ಎಂಟಿ ಹುಟ್ಟಿತು. 1961ರಲ್ಲಿ ಜರ್ಮನಿಯ ಫ್ರಿಟ್ಜ್ ವರ್ನರ್ ಸಹಯೋಗದ ಭಾರತ್ ಫ್ರಿಟ್ಜ್ ವರ್ನರ್ ಬಂತು. ಮಿಲ್ಲಿಂಗ್ ಯಂತ್ರವೇ ಅದರ ಹೆಸರು ಬೆಳೆಸಿದ ಸರಕು. 1962ರಲ್ಲಿ ತುಮಕೂರು ರಸ್ತೆಯಲ್ಲಿ ಚೆಕೊಸ್ಲೊವಾಕಿಯಾದ ನೆರವಿನಿಂದ ಸಿಎಂಟಿಐ ಸಂಸ್ಥೆ ಶುರುವಾಯಿತು. ಇಪ್ಪತ್ತು ವರ್ಷದೊಳಗೆ ಸ್ವಿಸ್, ಜರ್ಮನ್, ಚೆಕ್ ಪಾಠಗಳು ಒಂದೇ ಊರಿನ ಸುತ್ತ ಸೇರಿದವು. ಪ್ರತಿಯೊಬ್ಬರೂ ತಮ್ಮದೇ ಬಾಯಿ ತಂದಿದ್ದರೆ ನಮ್ಮ ಗತಿ ಏನಾಗುತ್ತಿತ್ತು? ಆ ಹೊತ್ತಿಗೆ 7/24ರ ಒಪ್ಪಂದ ಜಗತ್ತಿನದಾಗಿತ್ತು. ಹರಿಹರದ ಕಾರ್ಖಾನೆ ಮುಚ್ಚಿ ವರ್ಷಗಳಾದವು, ಎಚ್‌ಎಂಟಿಯ ಹಳೆಯ ವೈಭವವೂ ಇಲ್ಲ. ಆದರೂ ಆ ಕಾಲದ ಯಂತ್ರಗಳು ಸಣ್ಣ ಊರುಗಳ ಶೆಡ್ಡುಗಳಲ್ಲಿ ಇನ್ನೂ ಉಣ್ಣುತ್ತಿವೆ. ಹೆತ್ತ ಮನೆ ಇಲ್ಲವಾದರೂ ಸಂತೆಯ ಊಟ ಅವುಗಳ ಬಾಯಿಗೆ ಹಿಡಿಸುತ್ತದೆ.

ಬಾಯಿ ಹೊಂದದಿದ್ದರೆ ಏನಾಗುತ್ತದೆಂಬುದು ನಮ್ಮ ತಾಲ್ಲೂಕಿಗೆ ರೈಲಿನಿಂದ ಗೊತ್ತು. ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಹಾದು ಹೋಗುತ್ತಿದ್ದದ್ದು ಎರಡೂವರೆ ಅಡಿಯ ನ್ಯಾರೋಗೇಜ್. ಹಾಕಿದಾಗ ಖರ್ಚು ಉಳಿಯಿತು. ಆದರೆ ಸುತ್ತಲಿನ ದೊಡ್ಡ ಹಳಿಗಳ ಬಂಡಿ ಇಲ್ಲಿಗೆ ಬರುವಂತಿರಲಿಲ್ಲ, ಇಲ್ಲಿಯದು ಅಲ್ಲಿಗೆ ಹೋಗುವಂತಿರಲಿಲ್ಲ. ಕೋಲಾರದಿಂದ ಚಿಕ್ಕಬಳ್ಳಾಪುರದವರೆಗೆ ಹಳಿ ಅಗಲವಾಗಿ ರೈಲು ಓಡಿದ್ದು 2013ರಲ್ಲಿ. ಅಗ್ಗದ ಅಳತೆ ಆರಿಸಿದ ಸಾಲವನ್ನು ಮೂರು ತಲೆಮಾರು ತೀರಿಸಿತು.

ರೇಷ್ಮೆಯ ಕೆಲಸದಲ್ಲಿ ಕಾಯುವುದಕ್ಕೆ ಸಮಯವಿಲ್ಲ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹರಾಜಿಗೆ ಕೂಗಿ ತಂದ ಗೂಡನ್ನು ಬೇಗ ಬಿಚ್ಚಬೇಕು. ಒಳಗಿನ ಹುಳು ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಬಂದರೆ ಎಳೆ ತುಂಡುತುಂಡು. ಚರಕವಾಗಲಿ, ಕಾಟೇಜ್ ಬೇಸಿನ್ ಆಗಲಿ, ಮಲ್ಟಿಎಂಡ್ ಆಗಲಿ, ಒಂದು ಗೇರಿನ ಹಲ್ಲು ಹೋದರೆ ರಾಟೆ ನಿಲ್ಲುತ್ತದೆ. ಕೂಲಿಯವರು ಕೂತಿರುತ್ತಾರೆ, ಬಿಸಿನೀರು ಆರುತ್ತದೆ, ಯಜಮಾನ ಹಲ್ಲು ಹೋದ ಗೇರನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹುಡುಕುತ್ತಾನೆ. ಆ ಗೇರು ಸಾದಲಿಯಲ್ಲೇ ಆದರೆ ಒಂದು ಮನೆಯ ವಾರದ ದುಡಿಮೆ ಉಳಿಯುತ್ತದೆ.

ಹೀಗಾಗಿ ನನ್ನ ಸೋದರಳಿಯನಿಗೆ ನಾನು ಹೇಳಿದ್ದು ಇಷ್ಟು. ಯಂತ್ರದ ಮೈಕಟ್ಟು ಸಮನಾಗಿದ್ದರೆ ಐಎಸ್‌ಒ 30 ತಗೋ; ಆದರೆ ಹೋಲ್ಡರ್ ಕೊಳ್ಳುವಾಗ ಬಿಟಿ 30 ಅಂತ ಕೊಟ್ಟರೆ ನೋಡಿ ತಗೋ, ಟೇಪರ್ ಒಂದೇ ಆದರೂ ಕಾಲರ್ ಬೇರೆ. ತಲೆಯ ಕೆಳಗೆ ಜಾಗ ಕಡಿಮೆ ಇದ್ದರೆ ಆರ್8 ವಾಸಿ. ಮೋರ್ಸ್ 3 ಬಂದರೂ ಹೆದರಬೇಡ, ಡ್ರಾಬಾರ್ ಇಲ್ಲದೆ ಮಿಲ್ಲಿಂಗ್ ಮಾಡಬೇಡ, ಅತಿಯಾಗಿ ಬಿಗಿಯಬೇಡ. ಯಾವುದಾದರೂ ಸರಿ, ಒಂದು ಒಳ್ಳೆಯ ಇಆರ್ 32 ಚಕ್, ಜೊತೆಗೆ 6, 8, 10, 12, 16ರ ಕಾಲೆಟ್ಟುಗಳು. ಇಪ್ಪತ್ತು ಅಗ್ಗದವು ಬೇಡ, ಐದು ನಿಖರವಾದವು ಸಾಕು. ಕಾಲೆಟ್ಟನ್ನು ಮೊದಲು ನಟ್ಟಿನೊಳಗೆ ಟಕ್ಕೆಂದು ಕೂರಿಸಿ, ಆಮೇಲೆ ಚಕ್ಕಿಗೆ ಹಾಕು. ಹಾಗೆ ಮಾಡದಿದ್ದರೆ ಕಟರ್ ಓಲಾಡುತ್ತದೆ, ಕಾಲೆಟ್ ಹಾಳಾಗುತ್ತದೆ. ಡ್ರಿಲ್ ಚಕ್ಕಿನಲ್ಲಿ ಎಂಡ್‌ಮಿಲ್ ಹಿಡಿಯಲೇಬೇಡ. ಭಾರಿ ಕಟ್ ಹೊಡೆಯುವಾಗ ಸುರುಳಿ ಹಲ್ಲು ಕಟರನ್ನು ಕೆಳಕ್ಕೆ ಎಳೆಯುತ್ತದೆ. ಅಂಥ ಕೆಲಸಕ್ಕೆ ಪಕ್ಕದಿಂದ ಸ್ಕ್ರೂ ಒತ್ತುವ ಹೋಲ್ಡರ್ ಒಂದನ್ನು ಇಟ್ಟುಕೋ. ಹಾಕುವ ಮುನ್ನ ಪ್ರತಿಸಲ ಒರೆಸು, ಒಂದು ಚೂರು ಕಸ ಸಿಕ್ಕಿಕೊಂಡರೂ ಸ್ವಿಸ್ ನಿಖರತೆ ಅಲ್ಲಿಗೆ ಮುಗಿಯಿತು.

"ಅಂದ್ರೆ ಒಂದೇ ಮಾಡೋಕಾಗಲಿಲ್ಲ ಅಂತಾಯ್ತು" ಎಂದ. ಹೌದು. ಒಂದು ಡ್ರಿಲ್ಲಿಗೆ ಹುಟ್ಟಿತು, ಒಂದು ದೊಡ್ಡ ಕಾರ್ಖಾನೆಗಳ ಒಪ್ಪಂದದಿಂದ, ಮತ್ತೊಂದು ಸಣ್ಣ ಶೆಡ್ಡುಗಳ ಬಳಕೆಯಿಂದ. ಮೂರಕ್ಕೂ ಅವುಗಳದೇ ಕಾರಣವಿತ್ತು. ಈಗ ಅವನು ಆರಿಸಬೇಕಾದದ್ದು ಇವುಗಳಲ್ಲಿ ಯಾವುದು ಶ್ರೇಷ್ಠ ಎಂಬುದನ್ನಲ್ಲ, ತಾನು ಯಾರ ಜೊತೆ ಕೊಡುಕೊಳ್ಳುವಿಕೆ ಇಟ್ಟುಕೊಳ್ಳಬೇಕು ಎಂಬುದನ್ನು. ಸಾದಲಿಗೆ ಅವನದು ಮೊದಲನೆಯ ಮಿಲ್ಲಿಂಗ್ ಯಂತ್ರವಾದರೂ ಕೊನೆಯದಾಗಬಾರದಲ್ಲ. ನಾಳೆ ದಿಬ್ಬೂರಹಳ್ಳಿಯಲ್ಲೋ ಶಿಡ್ಲಘಟ್ಟದಲ್ಲೋ ಇನ್ನೊಬ್ಬ ಹುಡುಗ ಶೆಡ್ಡು ಹಾಕಿದಾಗ, ನಡುರಾತ್ರಿ ಇವನ ಬಾಗಿಲು ತಟ್ಟಿ "ಅಣ್ಣಾ, ಹನ್ನೆರಡರ ಕಾಲೆಟ್ ಒಂದು ಕೊಡು, ಬೆಳಿಗ್ಗೆ ತಂದುಕೊಡ್ತೀನಿ" ಎಂದರೆ, ಅದು ಅವನ ಯಂತ್ರಕ್ಕೂ ಆಗಬೇಕು.