ಕೋಕೋ ಕಾಯಿಯಿಂದ ಕುಕ್ಕರ್ ಕೇಕಿನವರೆಗೆ

ಯುಗಾದಿಗೆ ಒಬ್ಬಟ್ಟು, ಗಣೇಶನ ಹಬ್ಬಕ್ಕೆ ಕಡುಬು, ದೀಪಾವಳಿಗೆ ಕಜ್ಜಾಯ, ಸಂಕ್ರಾಂತಿಗೆ ಎಳ್ಳುಬೆಲ್ಲ. ನಮ್ಮ ಹೊಸೂರು, ತಳಿ, ಡೆಂಕಣಿಕೋಟೆ ಸೀಮೆಯಲ್ಲಿ ಹಬ್ಬದ ಸಿಹಿ ಅಂದರೆ ಇವೇ. ಸೋಬಾನೆ ಪದದಲ್ಲಿ, ಕೋಲಾಟದ ಪದದಲ್ಲಿ ಇವುಗಳ ಹೆಸರು ಬರುತ್ತೆ. ಕೇಕಿನ ಹೆಸರು ಬರುವ ಪದವನ್ನು ನಾನು ಹಾಡಿದ್ದೂ ಇಲ್ಲ, ಹಿರಿಯರ ಬಾಯಲ್ಲಿ ಕೇಳಿದ್ದೂ ಇಲ್ಲ. ಆದರೂ ಇವತ್ತು ನಮ್ಮ ಹಳ್ಳಿಗಳಲ್ಲಿ ಮಗುವಿನ ಹುಟ್ಟಿದಬ್ಬ ಬಂದರೆ ಹೆಣ್ಣುಮಕ್ಕಳು ಮನೆಯಲ್ಲೇ, ಕುಕ್ಕರಿನೊಳಗೆ, ಕಪ್ಪನೆಯ ಚಾಕಲೇಟು ಕೇಕು ಬೇಯಿಸುತ್ತಾರೆ. ವಯಸ್ಸಾದವರು ನೋಡಿ, “ದೊರೆಗಳ ತಿಂಡಿ, ನಮಗ್ಯಾಕಪ್ಪಾ” ಅಂತಾರೆ. ಪದದಲ್ಲಿ ಇಲ್ಲ ಅಂದ ಮಾತ್ರಕ್ಕೆ ಒಂದು ತಿಂಡಿಗೆ ಚರಿತ್ರೆ ಇಲ್ಲ ಅಂತಲ್ಲ. ಈ ಕೇಕಿನ ಚರಿತ್ರೆಯಲ್ಲಿ ರೈತರ ಪಾಲು ದೊಡ್ಡದು. ಅದನ್ನು ಓದುಗರ ಮುಂದೆ ಇಡಬೇಕು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಹೊರಗಿನಿಂದ ಬಂದದ್ದೆಲ್ಲ ಪರರದ್ದು ಅಂದುಬಿಟ್ಟರೆ ನಮ್ಮ ತಟ್ಟೆಯಲ್ಲಿ ಏನೂ ಉಳಿಯೋದಿಲ್ಲ. ನಾವು ದಿನಾ ನುಂಗುವ ಮುದ್ದೆಯ ರಾಗಿ ಸಾವಿರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದದ್ದು. ಸಾರಿನ ಮೆಣಸಿನಕಾಯಿ, ರಾಯಕೋಟೆ ಸಂತೆಯ ಟೊಮೇಟೊ, ಹೊಲದ ಕಡಲೆಕಾಯಿ ಮೂರೂ ಅಮೆರಿಕಾ ಖಂಡದವು. ಪೋರ್ಚುಗೀಸರು ಬಂದ ಮೇಲೆ ಇಲ್ಲಿಗೆ ಬಂದವು. ಯಾರು ಬಿತ್ತಿ ಬೆಳೆದು ಉಣ್ಣುತ್ತಾರೋ ಬೆಳೆ ಅವರದ್ದಾಗುತ್ತೆ. ಕೋಕೋದ ಕಥೆಯೂ ಹಂಗೇ.

ಕೋಕೋ ಮರದ ಮೂಲ ದಕ್ಷಿಣ ಅಮೆರಿಕಾದ ಕಾಡು. ಮೆಕ್ಸಿಕೋ ಕಡೆಯ ಹಳೆಯ ಜನ ಅದರ ಬೀಜವನ್ನು ಅರೆದು ನೀರಲ್ಲಿ ಕಲಸಿ ಕುಡಿಯುತ್ತಿದ್ದರು. ಸಂತೆಯಲ್ಲಿ ಬೀಜವೇ ದುಡ್ಡಾಗಿ ನಡೆಯುತ್ತಿತ್ತು. ಬೀಜದಲ್ಲಿ ಹೆಚ್ಚುಕಮ್ಮಿ ಅರ್ಧ ಭಾಗ ಕೊಬ್ಬು. ಆ ಕೊಬ್ಬು ಇರುವ ತನಕ ಪುಡಿ ಮಾಡಲು ಆಗುತ್ತಿರಲಿಲ್ಲ, ಮುದ್ದೆಯಾಗುತ್ತಿತ್ತು. 1828ರಲ್ಲಿ ಹಾಲೆಂಡಿನ ವಾನ್ ಹೌಟೆನ್ ಮನೆತನದವರು ಅದನ್ನು ಗಾಣದ ಹಾಗೆ ಒತ್ತಿ ಕೊಬ್ಬು ಬೇರೆ, ಹಿಂಡಿ ಬೇರೆ ಮಾಡುವ ಯಂತ್ರ ತಂದರು. ಆ ಹಿಂಡಿಯನ್ನು ಬೀಸಿದರೆ ಸಿಗುವುದೇ ಕೋಕೋ ಪುಡಿ. 1843ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ಎಂಬಾತ, ಹೆಂಡತಿಗೆ ಹುದುಗು ಹಿಟ್ಟು ಒಗ್ಗುವುದಿಲ್ಲ ಅಂತ, ಬೇಕಿಂಗ್ ಪುಡಿ ಮಾಡಿದ. ಈ ಎರಡು ಪುಡಿ ಸೇರಿದ ಮೇಲೆಯೇ ಚಾಕಲೇಟು ಕೇಕು ಮನೆಮನೆಯ ಅಡಿಗೆ ಆದದ್ದು. ಇಂಗ್ಲಿಷರಿಗೂ ಅದು ತೀರಾ ಹಳೆಯ ತಿಂಡಿಯೇನಲ್ಲ.

ನಮ್ಮ ತೆಂಕಣ ಸೀಮೆಗೆ ಕೇಕು ಬಂದ ದಾರಿ ನೋಡೋಣ. ಮಲಬಾರಿನ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಎಂಬುವರು 1880ರಲ್ಲಿ ಬಿಸ್ಕತ್ತಿನ ಬೇಕರಿ ಇಟ್ಟರು. 1883ರಲ್ಲಿ ಮುರ್ಡಾಕ್ ಬ್ರೌನ್ ಎಂಬ ತೋಟದ ದೊರೆ ಇಂಗ್ಲೆಂಡಿನ ಕೇಕು ತೋರಿಸಿ, ಇಂಥದ್ದು ಮಾಡಿಕೊಡು ಅಂದನಂತೆ. ಬಾಪು ಇಲ್ಲಿ ಸಿಕ್ಕ ಸಾಮಾನಿನಲ್ಲೇ ಮಾಡಿಕೊಟ್ಟರು. ಬೆಂಗಳೂರಿನಲ್ಲಿ 1898ರಲ್ಲಿ ಹಾಸನ ಕಡೆಯ ಎಚ್.ಎಸ್. ತಿರುಮಲಾಚಾರ್ ಅವರು ಚಿಕ್ಕಪೇಟೆಯಲ್ಲಿ ಬೇಕರಿ ತೆರೆದರು. ಬಿ.ಬಿ. ಬೇಕರಿ ಅಂತ ಹೆಸರಾದದ್ದು ಅದೇ. ಅಯ್ಯಂಗಾರ್ ಬೇಕರಿಗಳ ಸಾಲಿಗೆ ಅದೇ ಮೊದಲು. ಮೊಟ್ಟೆ ಇಲ್ಲದೆ ಕೇಕು ಮಾಡಬಹುದು ಅಂತ ನಾಡಿಗೆ ತೋರಿಸಿಕೊಟ್ಟವರು ಇವರು. ಹೊಸೂರು ಬೆಂಗಳೂರಿಗೆ ಹತ್ತಿರ. ಹಂಗಾಗಿ ಅಯ್ಯಂಗಾರ್ ಬೇಕರಿಯ ಬ್ರೆಡ್ಡು, ಬಿಸ್ಕತ್ತು, ಹನಿ ಕೇಕು ನಮಗೂ ಬಂತು. ಜ್ವರ ಬಂದವರಿಗೆ ಬ್ರೆಡ್ಡು, ಮಕ್ಕಳಿಗೆ ಹನಿ ಕೇಕು. ಆದರೆ ಕೋಕೋ ಹಾಕಿದ ಕೇಕು ಮಾತ್ರ ಬಹಳ ಕಾಲ ದುಡ್ಡಿರುವವರದ್ದೇ ಆಗಿತ್ತು. ಯಾಕಂದ್ರೆ ಕೋಕೋ ನಮ್ಮಲ್ಲಿ ಬೆಳೆಯುತ್ತಿರಲಿಲ್ಲ.

1798ರಲ್ಲೇ ಈಸ್ಟ್ ಇಂಡಿಯಾ ಕಂಪನಿಯವರು ತಿರುನೆಲ್ವೇಲಿ ಸೀಮೆಯ ಕುತ್ತಾಲದಲ್ಲಿ ಕೋಕೋ ನೆಡಿಸಿದ್ದರು. ಅದು ಅಲ್ಲಿಗೇ ನಿಂತಿತು. ಕ್ಯಾಡ್‌ಬರಿ ಕಂಪನಿ 1948ರಲ್ಲಿ ಭಾರತಕ್ಕೆ ಬಂದು, ಹೊರದೇಶದ ಮಾಲು ತಂದು ಚಾಕಲೇಟು ಮಾರುತ್ತಿತ್ತು. 1965ರಲ್ಲಿ ವಯನಾಡಿನ ಚುಂಡಾಲೆಯಲ್ಲಿ ಮಾದರಿ ತೋಟ ಮಾಡಿ, ಕೋಕೋ ಬೆಳೆಯಿರಿ ಅಂತ ರೈತರಿಗೆ ತೋರಿಸಿತು. 1970ರ ದಶಕದಲ್ಲಿ ದಕ್ಷಿಣ ಕನ್ನಡ, ಕಾಸರಗೋಡಿನ ಅಡಿಕೆ ತೋಟಗಳಿಗೆ ಕೋಕೋ ನುಗ್ಗಿತು. ಕೋಕೋಗೆ ನೆರಳು ಬೇಕು, ಅಡಿಕೆ ಮರದ ಕೆಳಗೆ ನೆರಳು ಇದೆ. ನೀರು ಅಡಿಕೆಗೆ ಬಿಡುವುದೇ ಸಾಕು. ವಿಟ್ಲದ ಸಂಶೋಧನಾ ಕೇಂದ್ರದವರೂ ಈ ಜೋಡಿ ಬೆಳೆಯನ್ನು ನೋಡಿ ರೈತರಿಗೆ ಹೇಳಿಕೊಟ್ಟರು.

ಕೋಕೋ ಕಾಯಿ ಹಲಸಿನ ಹಂಗೆ ಕಾಂಡಕ್ಕೇ ಕಚ್ಚಿ ಬಿಡುತ್ತೆ. ಒಂದು ಕಾಯಿ ಒಡೆದರೆ ಬಿಳಿ ಲೋಳೆ ಮೆತ್ತಿಕೊಂಡ ಮೂವತ್ತು ನಲವತ್ತು ಬೀಜ. ಅದನ್ನು ಗುಡ್ಡೆ ಹಾಕಿ ಬಾಳೆ ಎಲೆ ಮುಚ್ಚಿ ಐದಾರು ದಿನ ಹುಳಿ ಬರಿಸಬೇಕು. ನಡುವೆ ಮಗುಚಬೇಕು. ಆಮೇಲೆ ಬಿಸಿಲಿಗೆ ಹಾಕಿ ಒಣಗಿಸಬೇಕು. ಮೂರು ಕಿಲೋ ಹಸಿ ಬೀಜಕ್ಕೆ ಒಂದು ಕಿಲೋ ಒಣ ಬೀಜ ಬಂದರೆ ಸರಿ. ಹುಳಿ ಬರದಿದ್ದರೆ ಚಾಕಲೇಟಿನ ವಾಸನೆಯೇ ಹುಟ್ಟೋದಿಲ್ಲ. ಅಂಗಡಿ ಡಬ್ಬಿಯ ಪುಡಿಯ ಹಿಂದೆ ರೈತನ ಮನೆಯ ಇಷ್ಟು ಕೆಲಸ ಇದೆ.

ಈ ರೈತರು ಯಾರು ಅಂತ ನಾವು ತಿಳಿಯಬೇಕು. 1956ಕ್ಕೆ ಮೊದಲು ಪುತ್ತೂರು, ಕಾಸರಗೋಡು, ಹೊಸೂರು ಮೂರೂ ಮದರಾಸು ರಾಜ್ಯದಲ್ಲೇ ಇದ್ದವು. ಅವೆರಡು ದಕ್ಷಿಣ ಕನ್ನಡ ಜಿಲ್ಲೆ, ನಾವು ಸೇಲಂ ಜಿಲ್ಲೆ. 1956ರ ನವೆಂಬರ್ 1ಕ್ಕೆ ಪುತ್ತೂರು ಮೈಸೂರು ರಾಜ್ಯಕ್ಕೆ ಹೋಯಿತು, ಕಾಸರಗೋಡು ಕೇರಳಕ್ಕೆ ಸೇರಿತು, ನಾವು ಮದರಾಸಿನಲ್ಲೇ ಉಳಿದೆವು. ಆಮೇಲೆ 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ. ಗಡಿಯಲ್ಲಿ ಕೂತ ಕನ್ನಡಿಗರ ಪಾಡು ಕಾಸರಗೋಡಿನವರಿಗೂ ಗೊತ್ತು, ನಮಗೂ ಗೊತ್ತು.

1970ರ ದಶಕದ ಮೊದಲಲ್ಲಿ ಅಡಿಕೆ ಬೆಲೆ ಬಿದ್ದು ಹೋಯಿತು. ಆಗ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು, ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯದ ಬೆಳೆಗಾರರನ್ನು ಸೇರಿಸಿ, 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಸಹಕಾರ ಸಂಘ ಕಟ್ಟಿದರು. ಗಡಿ ಗೆರೆ ಸರ್ಕಾರಕ್ಕೆ ಇತ್ತು, ಬೆಳೆಗೆ ಇರಲಿಲ್ಲ. ಮನೆಮಾತು ತುಳು, ಕನ್ನಡ, ಮಲಯಾಳ ಯಾವುದಾದರೂ ಸರಿ, ಅಡಿಕೆ ಒಂದೇ ತಕ್ಕಡಿಗೆ ಬಂತು.

ಆ ಸಂಘ ಇದ್ದದ್ದು ಕೋಕೋಗೂ ಆಸರೆಯಾಯಿತು. 1980ರ ಆಸುಪಾಸಿಗೆ ಕೋಕೋ ಬೆಲೆ ಕುಸಿಯಿತು. ಬೆಳೆಯಿರಿ ಅಂದವರೇ ಕೊಳ್ಳುವುದನ್ನು ಕೈಬಿಟ್ಟರು. ಮರದಲ್ಲಿ ಕಾಯಿ, ಕೇಳುವವರಿಲ್ಲ. ಎಷ್ಟೋ ಜನ ಸಿಟ್ಟಿನಲ್ಲಿ ಮರವನ್ನೇ ಕಡಿದರು. ಆಗ ಕ್ಯಾಂಪ್ಕೊ ಕೋಕೋ ಕೊಳ್ಳಲು ಇಳಿಯಿತು. ಕೊಂಡ ಬೀಜ ಏನು ಮಾಡುವುದು? ಹೊರದೇಶಕ್ಕೆ ಕಳಿಸಿದರೂ ಅಲ್ಲಿನ ಬೆಲೆ ನಮ್ಮ ಕೈಯಲ್ಲಿ ಇಲ್ಲ. ಆದ್ದರಿಂದ ಸಂಘ ಬೀಜ ಮಾರುವ ಬದಲು ಚಾಕಲೇಟೇ ಮಾಡುವ ತೀರ್ಮಾನಕ್ಕೆ ಬಂತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ಶುರುವಾಯಿತು. ರಾಷ್ಟ್ರಪತಿ ಜೈಲ್ ಸಿಂಗ್ ಅವರು ಬಂದು ಉದ್ಘಾಟನೆ ಮಾಡಿದರು. ಪಂಚೆ ಉಟ್ಟ ಅಡಿಕೆ ಬೆಳೆಗಾರರು ದೊಡ್ಡ ಕಂಪನಿಗಳ ಎದುರು ಚಾಕಲೇಟು ಮಾಡಿ ನಿಂತದ್ದು ಸಣ್ಣ ಮಾತಲ್ಲ. ಇವತ್ತಿಗೂ ಆ ಕಾರ್ಖಾನೆ ನಡೆಯುತ್ತಿದೆ. ಚಾಕಲೇಟೂ ಬರುತ್ತೆ, ಕೋಕೋ ಪುಡಿಯೂ ಬರುತ್ತೆ.

ಇನ್ನು ಪುಡಿ ಬಂದರೆ ಸಾಕಾ, ಬೇಯಿಸುವುದು ಎಲ್ಲಿ? ಬೇಕರಿಯವರಿಗೆ ಇಟ್ಟಿಗೆಯ ಭಟ್ಟಿ ಇದೆ. ನಮ್ಮ ಮನೆಗಳಲ್ಲಿ ಇದ್ದದ್ದು ಸೌದೆ ಒಲೆ. ಅದರ ಮೇಲೆ ಮುದ್ದೆ ಆಗುತ್ತೆ, ಬೂದಿಯಲ್ಲಿ ಗೆಣಸು ಸುಡಬಹುದು, ಕೇಕು ಆಗೋದಿಲ್ಲ. ಕೇಕಿಗೆ ಸುತ್ತಲೂ ಒಂದೇ ಸಮ ಒಣ ಬಿಸಿ ಬೇಕು. ಆ ಕೆಲಸಕ್ಕೆ ಸಿಕ್ಕಿದ್ದು ಕುಕ್ಕರ್. ಪ್ರೆಸ್ಟೀಜ್, ಹಾಕಿನ್ಸ್ ಕುಕ್ಕರುಗಳು ನಮ್ಮ ದೇಶದಲ್ಲಿ 1959ರಿಂದ ತಯಾರಾದವು. 1970ರ ದಶಕದಲ್ಲಿ ಹೊಸೂರಿನಲ್ಲಿ ಸಿಪ್ಕಾಟ್ ಬಂತು, ಪ್ರೆಸ್ಟೀಜ್ ಕುಕ್ಕರಿನ ಕಾರ್ಖಾನೆಯೂ ಅಲ್ಲಿ ಬಂತು. ರಾಗಿ ಹೊಲ ಇದ್ದ ಊರಿನಲ್ಲಿ ಕುಕ್ಕರ್ ಆಗತೊಡಗಿತು. ಮದುವೆ ಮನೆಯಲ್ಲಿ ಉಡುಗೊರೆ ಅಂದರೆ ಕುಕ್ಕರ್ ಅನ್ನುವ ಹಂಗಾಯಿತು.

ಸರ್ಕಾರದ ಪಾಲೂ ಇದೆ. 2006ರಲ್ಲಿ ಬಂದ ಕರುಣಾನಿಧಿಯವರ ಸರ್ಕಾರ ಬಡವರ ಮನೆಗೆ ಬಣ್ಣದ ಟಿವಿ ಕೊಟ್ಟಿತು, ಗ್ಯಾಸ್ ಒಲೆ ಕೊಟ್ಟಿತು. 2011ರಲ್ಲಿ ಬಂದ ಜಯಲಲಿತಾ ಅವರ ಸರ್ಕಾರ ಮಿಕ್ಸಿ, ಗ್ರೈಂಡರ್, ಫ್ಯಾನ್ ಕೊಟ್ಟಿತು. ಉರಿಯನ್ನು ಹೇಳಿದಷ್ಟಕ್ಕೆ ನಿಲ್ಲಿಸುವ ಒಲೆ, ಸಕ್ಕರೆ ಪುಡಿ ಮಾಡುವ ಮಿಕ್ಸಿ, ಮಾಡುವ ಬಗೆ ತೋರಿಸುವ ಟಿವಿ, ಮೂರೂ ಸೇರಿದವು. 2020ರಲ್ಲಿ ಕೊರೋನಾ ಬಂದು ಊರೆಲ್ಲ ಬಾಗಿಲು ಹಾಕಿದಾಗ, ಮೊಬೈಲು ನೋಡಿ ಕಲಿತವರು ಇನ್ನೂ ಹೆಚ್ಚಾದರು.

ಮಾಡುವ ಕ್ರಮವನ್ನೂ ಬರೆದಿಡುತ್ತೇನೆ. ಮುಂದೊಂದು ದಿನ ಇದೂ ಚರಿತ್ರೆಯೇ. ಹಳೇ ಕುಕ್ಕರಿನ ತಳಕ್ಕೆ ಒಂದು ಬೆರಳು ದಪ್ಪ ಮರಳು ಅಥವಾ ಕಲ್ಲುಪ್ಪು ಹಾಕಿ ಮೇಲೊಂದು ಸ್ಟ್ಯಾಂಡು ಇಡುತ್ತಾರೆ. ಮುಚ್ಚಳದ ರಬ್ಬರೂ ವಿಸಿಲೂ ತೆಗೆದಿಡಬೇಕು, ನೀರು ಹಾಕಬಾರದು. ಹತ್ತು ನಿಮಿಷ ಮುಚ್ಚಿ ಕಾಯಿಸಬೇಕು. ಒಂದು ಲೋಟ ಮೈದಾ, ಕಾಲು ಲೋಟ ಕೋಕೋ ಪುಡಿ, ಮುಕ್ಕಾಲು ಲೋಟ ಸಕ್ಕರೆ ಪುಡಿ, ಅರ್ಧ ಲೋಟ ಕರಗಿಸಿದ ಬೆಣ್ಣೆ, ಎರಡು ನಾಮಕ್ಕಲ್ ಮೊಟ್ಟೆ, ಒಂದು ಚಮಚ ಬೇಕಿಂಗ್ ಪುಡಿ, ಕಲಸಲು ಸ್ವಲ್ಪ ಹಾಲು. ಮೊಟ್ಟೆ ತಿನ್ನದವರು ಅರ್ಧ ಲೋಟ ಮೊಸರು ಹಾಕಿ, ಬೇಕಿಂಗ್ ಪುಡಿ ಬದಲು ಅರ್ಧ ಚಮಚ ಸೋಡಾ ಹಾಕುತ್ತಾರೆ. ಮೊಸರಿನ ಹುಳಿಗೆ ಸೋಡಾ ಉಕ್ಕಿ ಹಿಟ್ಟು ಏಳುತ್ತೆ. ಸಣ್ಣ ಉರಿಯಲ್ಲಿ ನಲವತ್ತರಿಂದ ಐವತ್ತು ನಿಮಿಷ. ಪೊರಕೆ ಕಡ್ಡಿ ತೊಳೆದು ಚುಚ್ಚಿದರೆ ಹಿಟ್ಟು ಅಂಟದೆ ಬರಬೇಕು. ನಮ್ಮ ಕಡೆ ಕೆಲವರು ಅರ್ಧ ಮೈದಾಕ್ಕೆ ಅರ್ಧ ರಾಗಿ ಹಿಟ್ಟು ಬೆರೆಸುತ್ತಾರೆ. ರಾಗಿಗೆ ಮೈದಾದ ಜಿಗುಟು ಇಲ್ಲ, ಪೂರ್ತಿ ರಾಗಿ ಹಾಕಿದರೆ ಪುಡಿಪುಡಿಯಾಗುತ್ತೆ. ಅರ್ಧ ಹಾಕಿದರೆ ರಾಗಿಯ ಕಂಪೂ ಕೋಕೋದ ಕಂಪೂ ಚೆನ್ನಾಗಿ ಕೂಡುತ್ತೆ, ಬಣ್ಣವೂ ಒಂದೇ.

ಹಿಂಗೆ ಲೆಕ್ಕ ಹಾಕಿದರೆ ಈ ಕೇಕಿನಲ್ಲಿ ಪುತ್ತೂರು, ಕಾಸರಗೋಡಿನ ರೈತ ಇದ್ದಾನೆ, ಹೊಸೂರಿನ ಕಾರ್ಖಾನೆ ಕೆಲಸಗಾರ ಇದ್ದಾನೆ, ಬೆಣ್ಣೆ ಕಡೆದ ಹೆಣ್ಣುಮಗಳು ಇದ್ದಾಳೆ. ದೊರೆ ಮಾತ್ರ ಎಲ್ಲೂ ಇಲ್ಲ.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. 2024ರಲ್ಲಿ ಆಫ್ರಿಕಾದ ಐವರಿ ಕೋಸ್ಟ್, ಘಾನಾ ದೇಶಗಳಲ್ಲಿ ಕೋಕೋ ಬೆಳೆ ಕೆಟ್ಟು, ಪ್ರಪಂಚದ ಪೇಟೆಯಲ್ಲಿ ಬೆಲೆ ಟನ್ನಿಗೆ 10,000 ಡಾಲರು ದಾಟಿತು. ಆಮೇಲೆ ಇಳಿಯಿತು. ಬೆಲೆ ಏರುವುದೂ ಇಳಿಯುವುದೂ ರೈತನ ಕೈಯಲ್ಲಿಲ್ಲ. ಇಳಿದ ದಿನ ಮಾಲು ಕೊಳ್ಳಲು ತನ್ನದೇ ಒಂದು ಮನೆ ಇರಬೇಕು, ಅಷ್ಟು ಅವನ ಕೈಯಲ್ಲಿದೆ. ಅಡಿಕೆ, ಕೋಕೋದವರು ಆ ಮನೆ ಕಟ್ಟಿಕೊಂಡರು.

ನಮ್ಮ ಕೃಷ್ಣಗಿರಿ ಜಿಲ್ಲೆ ಮಾವಿಗೆ ಹೆಸರುವಾಸಿ. ಬರ್ಗೂರು, ಕಾವೇರಿಪಟ್ಟಣ ಕಡೆ ತೋತಾಪುರಿ ಲಾರಿಗಟ್ಟಲೆ ರಸದ ಕಾರ್ಖಾನೆಗಳಿಗೆ ಹೋಗುತ್ತೆ. ಫಸಲು ಜಾಸ್ತಿ ಬಂದ ವರ್ಷ ಕಿತ್ತ ಕೂಲಿಯೂ ಹುಟ್ಟೋದಿಲ್ಲ, ಹಣ್ಣು ಮರದಲ್ಲೇ ಕೊಳೆಯುತ್ತೆ. ಟೊಮೇಟೊ ಗತಿ ಹೇಳುವುದೇ ಬೇಡ, ರಸ್ತೆ ಬದಿ ಸುರಿದು ಬಂದವರು ಈ ಪುಸ್ತಕ ಓದುವವರಲ್ಲೇ ಇದ್ದಾರೆ. ನಾವು ಏನು ಮಾಡುತ್ತೇವೆ? ಮರ ಕಡಿಯುತ್ತೇವೆ, ಇಲ್ಲ ಜಮೀನು ಸೈಟಿಗೆ ಕೊಡುತ್ತೇವೆ. ಕಡಿದ ಮರ, ಕೊಟ್ಟ ಜಮೀನು ಮತ್ತೆ ಬರೋದಿಲ್ಲ.

ಪುತ್ತೂರು, ಕಾಸರಗೋಡಿನವರೂ ನಮ್ಮ ಹಂಗೆ ಗಡಿಯವರು, ನಮ್ಮ ಹಂಗೆ ಸಣ್ಣ ಹಿಡುವಳಿಯವರು. ಅವರ ತೋಟದಲ್ಲೂ ಕೊಡಲಿ ಬಿದ್ದಿತ್ತು. ಕೊಡಲಿ ಕೆಳಗಿಟ್ಟು ಸಂಘಕ್ಕೆ ಪಾಲು ಹಾಕಿದವರಿಂದ ಬೆಳೆ ಉಳಿಯಿತು. ನಮ್ಮಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಮಾತಿನ ರೈತರಿದ್ದೇವೆ. ಮಾವಿಗೆ ಭಾಷೆ ಇಲ್ಲ. ಈ ಓದುವ ಮನೆಯಲ್ಲಿ ಕೂತು ಒಂದು ಸಂಜೆಯಾದರೂ ಈ ವಿಷಯ ಮಾತಾಡೋಣ. ಬರುವಾಗ ಯಾರಾದರೂ ಒಂದು ಕುಕ್ಕರ್ ಕೇಕು ತಂದರೆ ಮಾತು ಇನ್ನೂ ಸಲೀಸಾಗುತ್ತೆ.