ಗೋದಾಮಿನಲ್ಲಿ ಹುಟ್ಟಿದ ಸಂಗೀತ: ಡಿಜೆ ಫ್ರಾಂಕಿ ನಕಲ್ಸ್ ಕಥೆ

ಅಮೆರಿಕದ ಷಿಕಾಗೊ ನಗರದ ಸೌತ್ ಜೆಫರ್ಸನ್ ರಸ್ತೆಯಲ್ಲಿ ಒಂದು ಹಳೆಯ ಕಟ್ಟಡವಿದೆ. 1977ರಲ್ಲಿ ಅಲ್ಲಿ ಕುಣಿತದ ಕ್ಲಬ್ಬೊಂದು ಶುರುವಾಯಿತು. ಹೆಸರು ‘ವೇರ್‌ಹೌಸ್’, ಅಂದರೆ ಗೋದಾಮು. ಅಲ್ಲಿ ಕೇಳಿಸುತ್ತಿದ್ದ ಸಂಗೀತವನ್ನು ಜನ ಚಿಕ್ಕದಾಗಿ ‘ಹೌಸ್’ ಎಂದರು. ಇಂದು ಜಗತ್ತೆಲ್ಲ ಕುಣಿಯುವ ಹೌಸ್ ಸಂಗೀತಕ್ಕೆ ಹೆಸರು ಬಂದದ್ದು ಹೀಗೆ ಎನ್ನುತ್ತಾರೆ. ಅಲ್ಲಿ ಹಾಡು ಹಾಕುತ್ತಿದ್ದವರು ಫ್ರಾಂಕಿ ನಕಲ್ಸ್.

ಫ್ರಾಂಕಿ ಹುಟ್ಟಿದ್ದು 1955ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಗೆಳೆಯ ಲ್ಯಾರಿ ಲೆವಾನ್ ಜೊತೆ ಅಲ್ಲೇ ಡಿಜೆ ಕೆಲಸ ಕಲಿತರು. ವೇರ್‌ಹೌಸ್ ಮಾಲೀಕ ರಾಬರ್ಟ್ ವಿಲಿಯಮ್ಸ್ ಮೊದಲು ಕರೆದದ್ದು ಲೆವಾನ್‌ರನ್ನು. ಅವರು ಒಪ್ಪಲಿಲ್ಲ, ಅವಕಾಶ ಫ್ರಾಂಕಿಗೆ ಸಿಕ್ಕಿತು. ಕ್ಲಬ್ಬಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೊ ಸಮುದಾಯದ ಸಲಿಂಗಿ ಯುವಕರು. ಹೊರಗೆ ಅವಮಾನ ಉಂಡವರಿಗೆ ಅದೊಂದು ನೆಮ್ಮದಿಯ ಜಾಗ. ಫ್ರಾಂಕಿಯೂ ಅವರಲ್ಲೊಬ್ಬರು.

ಅದು ಡಿಸ್ಕೊ ಹಾಡುಗಳ ಕಾಲ. ಡಿಸ್ಕೊ ಕಂಡರೆ ಸಿಡಿಮಿಡಿಗೊಳ್ಳುವವರೂ ಬಹಳ ಇದ್ದರು. 1979ರ ಜುಲೈ 12ರಂದು ಅದೇ ಷಿಕಾಗೊದ ಕಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ರೇಡಿಯೊ ನಿರೂಪಕನೊಬ್ಬ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದ. ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು. ಅದು ಬರೀ ಹಾಡಿನ ಮೇಲಿನ ಸಿಟ್ಟಲ್ಲ, ಕಪ್ಪು ಜನರ ಮತ್ತು ಸಲಿಂಗಿಗಳ ಮೇಲಿನ ಸಿಟ್ಟೂ ಹೌದು ಎಂದು ಹಲವರು ಬರೆದಿದ್ದಾರೆ.

ಮುಂದೆ ದೊಡ್ಡ ಕಂಪನಿಗಳು ಡಿಸ್ಕೊ ಕೈಬಿಟ್ಟವು. ಹೊಸ ಹಾಡು ಬರುವುದು ಕಡಿಮೆಯಾಯಿತು. ಆದರೆ ಕುಣಿಯುವವರು ಬರುವುದನ್ನು ಬಿಡಲಿಲ್ಲವಲ್ಲ! ಫ್ರಾಂಕಿ ಇದ್ದ ಹಾಡುಗಳನ್ನೇ ಹೊಸದು ಮಾಡಿದರು. ಟೇಪು ಕತ್ತರಿಸಿ ಅಂಟಿಸಿ, ಕುಣಿಯಲು ಹಿಡಿಸುವ ತಾಳದ ಭಾಗವನ್ನು ಉದ್ದ ಮಾಡಿದರು. ಆಮೇಲೆ ಡ್ರಮ್ ಮಷೀನ್ ತಂದು, ಒಂದೇ ಸಮನೆ ಬೀಳುವ ಪೆಟ್ಟನ್ನು ಹಾಡಿನ ಅಡಿಗೆ ಸೇರಿಸಿದರು. ಕೊರತೆಯೇ ಹೊಸ ಸಂಗೀತಕ್ಕೆ ದಾರಿ ಮಾಡಿತು.

ಕೆಲವು ವರ್ಷಗಳ ನಂತರ ವೇರ್‌ಹೌಸ್ ಬಿಟ್ಟು ‘ಪವರ್ ಪ್ಲಾಂಟ್’ ಎಂಬ ತಮ್ಮದೇ ಕ್ಲಬ್ ತೆರೆದರು. ಜೇಮಿ ಪ್ರಿನ್ಸಿಪಲ್ ಜೊತೆ ‘ಯುವರ್ ಲವ್’ ಮಾಡಿದರು. ನ್ಯೂಯಾರ್ಕಿಗೆ ಮರಳಿ ನಿರ್ಮಾಪಕರಾಗಿ ಬೆಳೆದರು. 1991ರಲ್ಲಿ ‘ದಿ ವಿಸಲ್ ಸಾಂಗ್’ ಬಂತು. ಮೈಕಲ್ ಜಾಕ್ಸನ್, ಚಾಕಾ ಖಾನ್ ಹಾಡುಗಳನ್ನೂ ರೀಮಿಕ್ಸ್ ಮಾಡಿದರು. ರೀಮಿಕ್ಸ್ ಮಾಡುವವರಿಗೆಂದು 1998ರಲ್ಲಿ ಮೊದಲ ಬಾರಿಗೆ ಕೊಟ್ಟ ಗ್ರ್ಯಾಮಿ ಪ್ರಶಸ್ತಿ ಫ್ರಾಂಕಿಗೇ ಬಂತು. ಇನ್ನೊಬ್ಬರ ಹಾಡು ಹಾಕುವವನಿಗೆ ಏನು ಪ್ರತಿಭೆ ಬೇಕು ಎನ್ನುವವರಿಗೆ ಅದೇ ಉತ್ತರ.

2004ರಲ್ಲಿ ಷಿಕಾಗೊ ನಗರ ವೇರ್‌ಹೌಸ್ ಇದ್ದ ರಸ್ತೆಯ ಒಂದು ಭಾಗಕ್ಕೆ ಫ್ರಾಂಕಿಯ ಹೆಸರಿಟ್ಟಿತು. ಸಕ್ಕರೆ ಕಾಯಿಲೆಯಿಂದ ಬಳಲಿದ ಅವರು 2014ರ ಮಾರ್ಚ್ 31ರಂದು ತೀರಿಕೊಂಡರು. ಆಗ ವಯಸ್ಸು 59.

ರೆಕಾರ್ಡು ಸಿಡಿಸಿದ ಆ ಮೈದಾನವನ್ನು 1991ರಲ್ಲಿ ಕೆಡವಿದರು. ಗೋದಾಮಿನ ಕಟ್ಟಡ ಮಾತ್ರ ಈಗಲೂ ನಿಂತಿದೆ. 2023ರಲ್ಲಿ ಷಿಕಾಗೊ ನಗರ ಅದನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿತು.