ಚಾಮರಾಜನಗರದ ತೇರು

ನಮ್ಮ ತಾಳವಾಡಿ ಬೆಟ್ಟದ ಸೀಮೆಯವರಿಗೆ ಪೇಟೆ ಅಂದರೆ ಚಾಮರಾಜನಗರ. ನಮ್ಮ ಜಿಲ್ಲೆ ಈರೋಡು, ಅಲ್ಲಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ ದಾಟಬೇಕು. ಚಾಮರಾಜನಗರಕ್ಕೆ ಬೆಳಗಾಗೆದ್ದು ಹೊರಟರೆ ಕೆಲಸ ಮುಗಿಸಿ ಹೊತ್ತು ಮುಳುಗೋದರೊಳಗೆ ದನ ಕಟ್ಟೋಕೆ ಬರಬಹುದು. 1956ರಲ್ಲಿ ಭಾಷೆ ನೋಡಿ ರಾಜ್ಯ ಮಾಡಿದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಹೋಯ್ತು, ನಾವು ಮದ್ರಾಸಿನಲ್ಲೇ ಉಳಕೊಂಡೆವು. 1979ರಲ್ಲಿ ಈರೋಡು ಜಿಲ್ಲೆಯಾಯ್ತು. ಆದರೂ ಹೆಣ್ಣು ಕೊಡೋದು ತರೋದು, ಜಾತ್ರೆಗೆ ಹೋಗೋದು ಹಿಂದಿನಂಗೇ ನಡಕೊಂಡು ಬಂದದೆ. ಅದಕ್ಕೇ ಆ ಊರಿನ ತೇರಿನ ಕತೆ ನಾನು ಬರೆಯೋದು ತಪ್ಪಲ್ಲ ಅಂದುಕೊಂಡಿದ್ದೇನೆ.

ಆ ಊರಿಗೆ ಮೊದಲು ಅರಿಕುಠಾರ ಅಂತ ಹೆಸರು. ಖಾಸಾ ಚಾಮರಾಜ ಒಡೆಯರು 1774ರಲ್ಲಿ ಹುಟ್ಟಿದ್ದು ಅಲ್ಲೇ. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ನೆನಪಿಗೆ ಊರಿಗೆ ಚಾಮರಾಜನಗರ ಅಂತ ಹೆಸರಿಟ್ಟರು, 1826ರಲ್ಲಿ ಚಾಮರಾಜೇಶ್ವರನ ದೇವಸ್ಥಾನ ಕಟ್ಟಿಸಿದರು. ತಂದೆ ಹುಟ್ಟಿದ ಜಾಗದಲ್ಲಿ ಜನನ ಮಂಟಪ ಈಗಲೂ ಅದೆ. ತಂದೆಯ ಹೆಸರನ್ನ ಮಗ ದೇವರಿಗೂ ಇಟ್ಟ, ಊರಿಗೂ ಇಟ್ಟ. ನಾವಾದರೆ ಮೊಮ್ಮಗನಿಗೆ ಇಟ್ಟು ಸುಮ್ಮನಾಗ್ತೀವಿ.

ತೇರು ಅಂದರೆ ಏನು ಅಂತ ನಾನು ಬಹಳ ಸಲ ಯೋಚನೆ ಮಾಡಿದ್ದೇನೆ. ಗುಡಿಯ ಗೋಡೆ ಮೇಲೆ ಕೆತ್ತಿದ ಬೊಂಬೆ ನೋಡೋಕೆ ನಾವೇ ಅದರ ಹತ್ತಿರ ಹೋಗಬೇಕು. ತೇರಿನ ಬೊಂಬೆ ಬೀದಿಗೆ ಬಂದು ನಮ್ಮನ್ನ ನೋಡ್ತದೆ. ಕೆಳಗೆ ದಪ್ಪ ಮರದ ಅಚ್ಚು, ಗಾಲಿ. ಅದರ ಮೇಲೆ ಅಂತಸ್ತು ಅಂತಸ್ತಾಗಿ ಕೆತ್ತನೆ. ಮೇಲಕ್ಕೆ ಬಿದಿರು, ಬಣ್ಣದ ಬಟ್ಟೆ, ತುದಿಗೆ ಕಳಸ. ಮುಂದೆ ನೂರಾರು ಜನ ಹಗ್ಗ ಹಿಡಿದು ಎಳೀತಾರೆ. ಆದರೆ ತೇರನ್ನ ನಡೆಸೋರು ಅವರಲ್ಲ, ಗಾಲಿ ಪಕ್ಕದಲ್ಲಿ ಬಗ್ಗಿಕೊಂಡು ಮರದ ತುಂಡು ಕೊಡೋರು. ತಿರುಗಿಸೋಕೂ ಅದೇ ತುಂಡು, ನಿಲ್ಲಿಸೋಕೂ ಅದೇ ತುಂಡು. ಒಂದು ಗಳಿಗೆ ಹೆಚ್ಚುಕಮ್ಮಿಯಾದರೆ ಅವರ ಕೈ ಹೋಯ್ತು. ಎಲ್ಲರೂ ಕಳಸಕ್ಕೆ ಕೈ ಮುಗೀತಾರೆ, ನಾನು ಅವರನ್ನೂ ಒಂದು ಸಲ ನೋಡಿ ಬರ್ತೀನಿ.

ಹಂಪಿಯ ಕಲ್ಲಿನ ತೇರು ಐವತ್ತು ರೂಪಾಯಿ ನೋಟಿನ ಮೇಲೆ ಅದೆ, ಚೆಂದವೂ ಅದೆ. ಆದರೆ ಅದು ನಿಂತ ಕಡೆಯಿಂದ ಕದಲೋದಿಲ್ಲ. ನಮ್ಮ ತಮಿಳುನಾಡಿನ ತಿರುವಾರೂರಿನ ತೇರು ಬಹಳ ದೊಡ್ಡದು. ಅದೂ ಎಷ್ಟೋ ವರ್ಷ ನಿಂತುಹೋಗಿ, 1970ರಲ್ಲಿ ಕರುಣಾನಿಧಿಯವರ ಕಾಲದಲ್ಲಿ ಮತ್ತೆ ಓಡಿತು. ನಿಂತ ತೇರು ಮತ್ತೆ ಓಡ್ತದೆ ಅನ್ನೋದಕ್ಕೆ ಅದನ್ನ ಇಲ್ಲಿ ಹೇಳಿದೆ.

ಚಾಮರಾಜನಗರದ ತೇರಿನ ವಿಶೇಷ ಬೇರೆ. ಆಷಾಢದಲ್ಲಿ ಹೊಸ ಸೊಸೆ ಅತ್ತೆ ಮನೆಯಲ್ಲಿ ಇರಬಾರದು ಅಂತ ತವರಿಗೆ ಕಳಿಸ್ತಾರೆ. ಆ ತಿಂಗಳು ಬೇರೆ ಕಡೆ ಶುಭ ಕಾರ್ಯವೂ ಕಮ್ಮಿ. ಇಲ್ಲಿ ಮಾತ್ರ ಅದೇ ಆಷಾಢದ ಪೂರ್ವಾಷಾಢ ನಕ್ಷತ್ರದ ದಿನ ತೇರು. ಹೊಸದಾಗಿ ಮದುವೆಯಾದವರು ಜೋಡಿಯಾಗಿ ಬಂದು ಬಾಳೆಹಣ್ಣಿಗೆ ಜವನ ಸಿಕ್ಕಿಸಿ ತೇರಿಗೆ ಎಸೀಬೇಕು. ದೂರ ಇಟ್ಟ ಗಂಡ ಹೆಂಡಿರನ್ನ ದೇವರೇ ಒಂದು ದಿನ ಕೂಡಿಸ್ತಾನೆ. ಈ ಏರ್ಪಾಡು ಮಾಡಿದ ಹಿರಿಯರು ಯಾರೋ, ಪ್ರಾಯದ ಕಷ್ಟ ತಿಳಿದವರು.

ನನ್ನ ಮದುವೆ 1984ರಲ್ಲಿ. ಹದಿನೈದು ದಿನ ಮುಖ ನೋಡದೆ ಇದ್ದವಳು ಅವಳಣ್ಣನ ಹಿಂದೆ ಗೋಪುರದ ಹತ್ತಿರ ಬಂದಳು. ಮಾದಪ್ಪನ ಕತೆ ರಾತ್ರಿಯೆಲ್ಲ ಹಾಡೋ ನನಗೆ ಒಂದು ಮಾತೂ ಬರಲಿಲ್ಲ. ಅವಳೇ, "ಹಣ್ಣ ಹಂಗೇ ಕೈಲಿ ಹಿಡ್ಕಂಡು ನಿಂತ್ಕಬುಟ್ರೆ ತೇರು ಹೊಂಟೋಯ್ತದ, ಎಸೀರಿ" ಅಂದಳು.

2017ರ ಫೆಬ್ರವರಿಯಲ್ಲಿ ಆ ತೇರಿಗೆ ಬೆಂಕಿ ಬಿತ್ತು. ಸುದ್ದಿ ಕೇಳಿ ನಾವಿಬ್ಬರೂ ಬಸ್ಸು ಹತ್ತಿ ಹೋದೆವು. ಕರಿ ಹಿಡಿದ ಮರ, ಸುಟ್ಟ ವಾಸನೆ. ಇವಳು ಸೆರಗು ಬಾಯಿಗೆ ಇಟ್ಟುಕೊಂಡು ನಿಂತಳು. ಆ ವರ್ಷದಿಂದ ತೇರು ನಿಂತಿತು. ಮಾರನೆ ವರ್ಷ ನಮ್ಮ ಮಗಳ ಮದುವೆಯಾಯ್ತು. ಚಾಮರಾಜನಗರದ ಕಡೆಗೇ ಕೊಟ್ಟಿದ್ದು. ಆಷಾಢ ಬಂತು, ಹುಡುಗಿ ತವರಿಗೆ ಬಂದಳು, ಹೋಗೋಕೆ ತೇರಿಲ್ಲ. ಎರಡು ವರ್ಷ ಮಗಳಿಗೆ ಮಕ್ಕಳಾಗಲಿಲ್ಲ. ತೇರಿಗೆ ಹಣ್ಣು ಜವನ ಎಸೀದೇ ಇದ್ದದ್ದಕ್ಕೇ ಹಿಂಗಾಯ್ತು ಅಂತ ಇವಳ ಕೊರಗು. ನಾನು, "ಆ ವರ್ಷ ಮದುವೆಯಾದವರಿಗೆಲ್ಲ ಮಕ್ಕಳಾಗಲಿಲ್ಲವಾ" ಅಂತ ಬೈದೆ. ಬೈಯಬಾರದಿತ್ತು. 2020ರಲ್ಲಿ ಅವಳು ತೀರಿಕೊಂಡಳು. ಮರು ವರ್ಷ ಮಗಳಿಗೆ ಗಂಡು ಕೂಸಾಯ್ತು, ಅವಳು ನೋಡಲಿಲ್ಲ.

ಕೋಟಿ ರೂಪಾಯಿಗೂ ಮೇಲೆ ಖರ್ಚು ಮಾಡಿ ಹೊಸ ತೇರು ಮಾಡಿಸಿದರು. 2022ರ ಜುಲೈ 13ರಂದು ಅದು ಬೀದಿಗೆ ಬಂತು. ಐದು ವರ್ಷ ಕಾದ ಜನ, ಕಾಲಿಡೋಕೆ ಜಾಗ ಇರಲಿಲ್ಲ. ಹಳೇ ತೇರಿನ ಮರ ಎಣ್ಣೆ ಹೊಗೆ ಕುಡಿದು ಕಪ್ಪಾಗಿತ್ತು. ಇದು ಹೊಸ ಮರ, ಕೆತ್ತನೆ ಇನ್ನೂ ಚೂಪಾಗದೆ. ನನಗೆ ಮೊದಲು ಪರಕೀಯ ಅನ್ನಿಸ್ತು. ಗಾಲಿ ಕದಲಿ ಕಿರ್ ಅಂತ ಸದ್ದಾದಾಗ ಗುರುತು ಸಿಕ್ಕಿತು.

ಮಗಳು ಅಳಿಯ ಕೂಸು ಎತ್ತಿಕೊಂಡು ಬಂದಿದ್ದರು. ಮದುವೆಯಾಗಿ ನಾಲ್ಕು ವರ್ಷವಾದರೂ ಹೊಸ ಜೋಡಿಗಳ ನಡುವೆ ನಿಂತು ಹಣ್ಣು ಎಸೆದರು. ಮಗಳು ನನ್ನ ಕೈಗೂ ಒಂದು ಕೊಟ್ಟಳು, "ಅವ್ವನ ಹೆಸರಲ್ಲಿ ಎಸೀರಪ್ಪ" ಅಂತ. ಎಸೆದೆ. ತೇರಿಗೆ ತಾಕಲಿಲ್ಲ, ಮುಂದೆ ನಿಂತಿದ್ದ ಹೊಸ ಮದುವಣಿಗನ ಹೆಗಲಿಗೆ ಬಿತ್ತು. ಆ ಹುಡುಗ ತಿರುಗಿ ನೋಡಿ ನಕ್ಕು, ಹಣ್ಣು ಎತ್ತಿಕೊಂಡು ನನ್ನ ಪರವಾಗಿ ಅವನೇ ಎಸೆದ.